ಬಸ್ಸು ಹೋದಷ್ಟು ದೂರ

ಪ್ರಶ್ನೆ: ನಾನು ಕೆಎಸ್ಸಾರ್ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ವಯಸ್ಸು 63. ಒಬ್ಬಳೇ ಮಗಳು, 29 ವರ್ಷ, ಬೆಂಗಳೂರಿನಲ್ಲಿ ಕೆಲಸ. ಹಳೇ ಮಾಡೆಲ್‌ನ ಡೀಸೆಲ್ ಥಾರ್ ಸಿಆರ್‌ಡಿಇ ಗಾಡಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು, ಅದರ ಮೇಲೆ ಮತ್ತಷ್ಟು ದುಡ್ಡು ಸುರಿದಿದ್ದಾಳೆ. ಗಾಡಿ ಎತ್ತರಿಸಿ, 245/75 ಆರ್ 16 ಮಡ್ ಟಯರ್ ಹಾಕಿಸಿ, ಮುಂದೆ ಕಬ್ಬಿಣದ ಬಂಪರ್, ವಿಂಚ್, ಮೇಲೆ ಫೈಬರ್ ಟಾಪ್, ಕ್ಯಾರಿಯರ್, ಲೈಟು ಎಲ್ಲ ಕೂರಿಸಿದ್ದಾಳೆ. ಬರುವ ಮಾರ್ಚ್ ಎರಡನೇ ವಾರ ಗೆಳತಿಯೊಬ್ಬಳ ಜೊತೆ ಹಿಮಾಚಲದ ಸ್ಪಿತಿಗೆ ಹೊರಟಿದ್ದಾಳೆ. 14 ದಿನದ ಪ್ಲಾನ್ ವಾಟ್ಸ್ಯಾಪ್‌ನಲ್ಲಿ ಕಳಿಸಿದಳು, ಅದರ ಪ್ರತಿ ಇದರ ಜೊತೆಗಿಟ್ಟಿದ್ದೇನೆ. ನಾನು ಬೇಡ ಅಂದೆ. "ಮದುವೆಯಾದ ಮೇಲೆ ಗಂಡನ ಜೊತೆ ಹೋಗು" ಅಂತಲೂ ಅಂದುಬಿಟ್ಟೆ. ಅವತ್ತಿನಿಂದ ಫೋನಿನಲ್ಲಿ "ಊಟ ಆಯ್ತಾ ಅಪ್ಪ" ಅನ್ನುವಷ್ಟಕ್ಕೆ ಮಾತು ನಿಂತಿದೆ. ನಮ್ಮ ಮನೆಯವರು ನನ್ನನ್ನೇ ಬೈಯುತ್ತಾರೆ. ಗಾಡಿ ಅಷ್ಟು ಗಟ್ಟಿ ಇದೆಯಲ್ಲ, ಏನು ಭಯ ಅನ್ನುತ್ತಾಳೆ ಮಗಳು. ಗಾಡಿ ವಿಷಯ ನನಗೆ ಗೊತ್ತು, ಆದರೆ ಹಿಮ ಕಂಡವನಲ್ಲ. ತಡೆಯಲೇ, ಬಿಡಲೇ? ಇಲ್ಲ ನಾನೇ ಜೊತೆಗೆ ಹೋಗಿಬಿಡಲೇ? ನನಗೆ ಬಿಪಿ, ಶುಗರ್ ಇದೆ. ಹೋದ ವರ್ಷ ಒಂದು ಸ್ಟೆಂಟ್ ಹಾಕಿದ್ದಾರೆ.
– ಹೆಸರು ಬೇಡ, ಹಾಸನ

ಉತ್ತರ: ಒಂದು ವಿಷಯ ಗಮನಿಸಿ, ಯಜಮಾನರೆ. ನಿಮ್ಮ ಮಗಳು ಅಪ್ಪಣೆ ಕೇಳಿಲ್ಲ, ಪ್ಲಾನ್ ಕಳಿಸಿದ್ದಾಳೆ. ಯಾವ ದಿನ ಯಾವ ಊರು, ಎಷ್ಟು ಕಿಲೋಮೀಟರು, ಎಲ್ಲಿ ಉಳಿಯುವುದು ಎಲ್ಲ ಬರೆದಿದ್ದಾಳೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಆಫೀಸ್ ಟೂರ್ ಅಂತ ಹೇಳಿ ಹೊರಡುತ್ತಾರೆ, ಫೇಸ್‌ಬುಕ್ಕಿನಲ್ಲಿ ಫೋಟೋ ಬಿದ್ದ ಮೇಲೆಯೇ ಅಪ್ಪ ಅಮ್ಮನಿಗೆ ಗೊತ್ತಾಗುವುದು. ಗಾಡಿ ಬಲ್ಲ ಅಪ್ಪ ಒಂದು ಸಲ ಕಣ್ಣಾಡಿಸಲಿ ಎಂಬ ಆಸೆ ಆ ಮೆಸೇಜಿನಲ್ಲಿ ಇದ್ದೇ ಇರುತ್ತದೆ. ನೀವು ಪ್ಲಾನ್ ಬಿಟ್ಟು ಮದುವೆಯ ಮಾತು ತೆಗೆದಿರಿ. ಸ್ವಂತ ದುಡಿಮೆಯ ಹೆಣ್ಣುಮಗಳಿಗೆ ಅದು ಎಲ್ಲಿ ನಾಟಿತು ಅಂತ ನಿಮ್ಮ ಮನೆಯವರಿಗೆ ಗೊತ್ತಾಗಿದೆ, ಅದಕ್ಕೇ ಬೈಗುಳ.

ತಡೆಯುವುದು ನಿಮ್ಮ ಕೈಯಲ್ಲಿಲ್ಲ, ಆ ಪ್ರಶ್ನೆಯನ್ನು ಪಕ್ಕಕ್ಕಿಡಿ. ಆದರೆ ನೀವು ಕಳಿಸಿದ ಆ ಪ್ಲಾನ್ ಓದಿದೆ. ಅದು ಈಗಿರುವ ಹಾಗೆ ನಡೆಯುವುದಿಲ್ಲ. ಎಂಟನೇ ದಿನ ಕಾಜಾ, ಒಂಬತ್ತನೇ ದಿನ ಕುಂಜುಮ್ ಪಾಸ್ ದಾಟಿ ಚಂದ್ರತಾಲ್, ಹತ್ತನೇ ದಿನ ಮನಾಲಿ ಎಂದಿದೆ. ಮಾರ್ಚ್‌ನಲ್ಲಿ ಕುಂಜುಮ್ ಮುಚ್ಚಿರುತ್ತದೆ. ನಾಲ್ಕೂವರೆ ಸಾವಿರ ಮೀಟರಿಗೂ ಎತ್ತರದ ಆ ಕಣಿವೆದಾರಿಯ ಹಿಮವನ್ನು ಬಾರ್ಡರ್ ರೋಡ್ಸ್‌ನವರು ಕಡಿದು ತೆಗೆಯುವ ಹೊತ್ತಿಗೆ ಸಾಮಾನ್ಯವಾಗಿ ಮೇ ಕೊನೆ, ಇಲ್ಲವೇ ಜೂನ್ ಬಂದಿರುತ್ತದೆ. 2020ರಲ್ಲಿ ಶುರುವಾದ ಅಟಲ್ ಸುರಂಗದಿಂದ ಮನಾಲಿ ಕಡೆಯವರು ಚಳಿಗಾಲದಲ್ಲೂ ಲಾಹೋಲಿಗೆ ಹೋಗಬಹುದು, ನಿಜ. ಆದರೆ ಲಾಹೋಲಿಗೂ ಸ್ಪಿತಿಗೂ ನಡುವೆ ಕುಂಜುಮ್ ಇದೆ. ಅಂದರೆ ಯಾರೋ ಬೇಸಿಗೆಯಲ್ಲಿ ಹೋಗಿ ಬಂದವರ ಪ್ಲಾನನ್ನು ಅವಳು ಮಾರ್ಚ್‌ಗೆ ಹೊಂದಿಸಿದ್ದಾಳೆ. ಮಾರ್ಚ್‌ನಲ್ಲಿ ಸ್ಪಿತಿಗೆ ಇರುವುದು ಒಂದೇ ದಾರಿ: ಶಿಮ್ಲಾ, ರಾಮ್‌ಪುರ, ರೆಕಾಂಗ್ ಪಿಯೋ, ಟಾಬೊ, ಕಾಜಾ. ಹೋದ ದಾರಿಯಲ್ಲೇ ವಾಪಸ್ಸು. ಇದನ್ನು ತಿಳಿಸಿ. ಮದುವೆಯ ಮಾತಿನ ಹಾಗಲ್ಲ ಇದು, ಇದಕ್ಕೆ ಅವಳು ಮುನಿಯಲಾರಳು.

ಎರಡನೇ ತೊಡಕು ದಿನಗಳದು. ಬೆಂಗಳೂರಿನಿಂದ ಚಂಡೀಗಢ ಸುಮಾರು 2,400 ಕಿಲೋಮೀಟರ್. ಹೋಗಲು ನಾಲ್ಕು, ಬರಲು ನಾಲ್ಕು ದಿನ ಕಳೆದರೆ ಬೆಟ್ಟಕ್ಕೆ ಉಳಿಯುವುದು ಆರು. ಶಿಮ್ಲಾದಿಂದ ಕಾಜಾಕ್ಕೇ ಇನ್ನೂ ನಾನೂರು ಚಿಲ್ಲರೆ ಕಿಲೋಮೀಟರ್ ಇದೆ. ಹಿಮ ಬಿದ್ದು ದಾರಿ ಎರಡು ದಿನ ಬಂದ್ ಆದರೆ? ಫೆಬ್ರವರಿ, ಮಾರ್ಚ್‌ನಲ್ಲಿ ಪಶ್ಚಿಮದಿಂದ ಬರುವ ಮೋಡಗಳು ಅಲ್ಲಿ ಒಂದೇ ಏಟಿಗೆ ರಾಶಿ ಹಿಮ ಸುರಿಸಿ ಹೋಗುವುದು ಮಾಮೂಲು. ರಜೆ ಮುಗಿಯುತ್ತಿದೆ, ಸೋಮವಾರ ಆಫೀಸು ಎಂಬ ಒತ್ತಡದಲ್ಲಿ ಸ್ಟೀರಿಂಗ್ ಹಿಡಿದವರೇ ಅಂಥ ದಾರಿಯಲ್ಲಿ ತಪ್ಪು ಲೆಕ್ಕ ಹಾಕುವುದು. ಗಾಡಿಯನ್ನು ಲಾರಿಯ ಮೇಲೆ ಚಂಡೀಗಢಕ್ಕೆ ಸಾಗಿಸಿ, ಇವರಿಬ್ಬರು ರೈಲಿನಲ್ಲೋ ವಿಮಾನದಲ್ಲೋ ಹೋಗಿ ಇಳಿದುಕೊಂಡರೆ ಎಂಟು ದಿನದಲ್ಲಿ ಅರ್ಧದಷ್ಟಾದರೂ ಉಳಿಯುತ್ತದೆ. ಮಡ್ ಟಯರಿನ ಗುಂಯ್ ಸದ್ದು ಕೇಳುತ್ತಾ ನಾಗಪುರದ ಬಿಸಿಲು ದಾಟುವುದರಲ್ಲಿ ಅಂಥ ಸಾಹಸವೇನೂ ಇಲ್ಲ.

ಇನ್ನು ನಿಮಗೆ ಬೇಗ ಅರ್ಥವಾಗುವ ಮಾತು. ರೆಕಾಂಗ್ ಪಿಯೋದಿಂದ ಕಾಜಾಕ್ಕೆ ಹಿಮಾಚಲದ ಸರ್ಕಾರಿ ಬಸ್ಸಿದೆ. ದಾರಿ ತೆರೆದಿದ್ದರೆ ಚಳಿಗಾಲದಲ್ಲೂ ಓಡುತ್ತದೆ. ಹೆಚ್ಚು ಕಡಿಮೆ ನಿಮ್ಮ ಡಿಪೋದಲ್ಲಿ ನಿಂತಿರುತ್ತಿದ್ದಂಥದೇ ಬಸ್ಸು, ಫೋರ್ ಬೈ ಫೋರ್ ಇಲ್ಲ, ವಿಂಚ್ ಇಲ್ಲ. ಅದನ್ನು ದಾಟಿಸುವುದು ಡ್ರೈವರಿಗೆ ಆ ದಾರಿಯ ಒಂದೊಂದು ತಿರುವಿನ ಮೇಲಿರುವ ಹಿಡಿತ, ಮತ್ತು ಇವತ್ತು ಬೇಡ ಎಂದು ಬಸ್ಸು ನಿಲ್ಲಿಸುವ ತೀರ್ಮಾನ. ಹಾಗಾಗಿ ಮಗಳ ಜೊತೆ ಒಂದೇ ಒಂದು ಕರಾರು ಮಾಡಿಕೊಳ್ಳಿ: ಬೆಳಿಗ್ಗೆ ಪಿಯೋ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸುವುದು, ಬಸ್ಸು ಹೊರಟಿದ್ದರೆ ಇವರೂ ಹೊರಡುವುದು, ಬಸ್ಸು ನಿಂತರೆ ಇವರೂ ನಿಲ್ಲುವುದು. ಕಾಜಾದಿಂದ ಮರಳುವಾಗಲೂ ಅದೇ. ಸರ್ಕಾರಿ ಬಸ್ಸೇ ನಿಂತಿರುವಾಗ ನಮ್ಮ ಗಾಡಿ ಗಟ್ಟಿ ಎನ್ನುವ ವಾದಕ್ಕೆ ಬೆಲೆಯಿಲ್ಲ, ಏಕೆಂದರೆ ಬಸ್ಸು ನಿಲ್ಲುವುದು ಹಿಮಪಾತಕ್ಕೋ ಬಂಡೆ ಉರುಳುವುದಕ್ಕೋ. ಎರಡು ಇಂಚು ಎತ್ತರಿಸಿದ ಗಾಡಿಯನ್ನು ಬಂಡೆ ನೋಡಿ ಬಿಡುವುದಿಲ್ಲ.

ವಸಂತದ ಆರಂಭ ಅಂದರೆ ಚಳಿ ಇಳಿಯುತ್ತಿದೆ, ಅಪಾಯವೂ ಇಳಿಯುತ್ತಿದೆ ಎಂದು ನಾವು ಬಯಲುಸೀಮೆಯವರು ಅಂದುಕೊಳ್ಳುತ್ತೇವೆ. ಅಲ್ಲಿ ನಡೆಯುವುದು ಬೇರೆ. ಹಗಲು ಬಿಸಿಲಿಗೆ ಇಳಿಜಾರಿನ ಹಿಮ ಸಡಿಲಾಗುತ್ತದೆ, ಮಂಜುಗಡ್ಡೆಯ ಹಿಡಿತದಲ್ಲಿದ್ದ ಕಲ್ಲುಗಳು ಕಳಚಿ ಬೀಳುತ್ತವೆ. ನಾಕೊ ಹತ್ತಿರ ಮಲ್ಲಿಂಗ್ ನಾಲಾ ಎಂಬ ಜಾಗ ಇದಕ್ಕೇ ಹೆಸರುವಾಸಿ. ಕರಗಿದ ನೀರು ರಸ್ತೆಗೆ ಅಡ್ಡ ಹರಿದು, ಸಂಜೆಯಾಗುತ್ತಲೇ ಗಾಜಿನ ಪದರವಾಗಿ ಹೆಪ್ಪುಗಟ್ಟುತ್ತದೆ. ಬಿಳಿ ಹಿಮವಾದರೆ ಕಣ್ಣಿಗೆ ಕಾಣುತ್ತದೆ, ಎಚ್ಚರ ತಪ್ಪುವುದಿಲ್ಲ. ಬೆಟ್ಟದ ನೆರಳಿನ ತಿರುವಿನಲ್ಲಿ ಟಾರಿನ ಬಣ್ಣದಲ್ಲೇ ಬೆರೆತು ಮಲಗಿರುವ ಈ ಪದರ ಕಾಣುವುದೇ ಇಲ್ಲ. ಅದಕ್ಕೇ ತೀರಾ ನಸುಕಿನಲ್ಲಿ ಹೊರಡಬಾರದು, ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ದಾರಿಯಲ್ಲಿರಬಾರದು. ದಿನಕ್ಕೆ ಐದಾರು ಗಂಟೆ ಓಡಿದರೆ ಅದೇ ದೊಡ್ಡದು.

ಈಗ ಗಾಡಿಗೆ ಬರೋಣ. ಇಲ್ಲಿ ನಿಮ್ಮ ಕೈಗೆ ಕೆಲಸ ಸಾಕಷ್ಟಿದೆ. ಆ ಮಾಡೆಲ್ ಥಾರ್‌ನ ಮುಂದಿನ ಸಸ್ಪೆನ್ಷನ್ ಟಾರ್ಷನ್ ಬಾರಿನದು, ಹಿಂದೆ ಪಾಟಾ. ಮುಂಭಾಗ ಎತ್ತರಿಸುವಾಗ ಎಷ್ಟೋ ಗ್ಯಾರೇಜಿನವರು ಟಾರ್ಷನ್ ಬಾರನ್ನೇ ತಿರುವಿ ಬಿಗಿ ಮಾಡಿ ಕಳಿಸುತ್ತಾರೆ. ಗಾಡಿ ಏನೋ ಎದೆಯೆತ್ತಿ ನಿಲ್ಲುತ್ತದೆ. ಆದರೆ ಮುಂದಿನ ಆಕ್ಸಲ್ಲಿನ ಸಿ.ವಿ. ಜಾಯಿಂಟು ಸದಾ ಓರೆಯಲ್ಲೇ ತಿರುಗಬೇಕಾಗುತ್ತದೆ, ಬಾಲ್ ಜಾಯಿಂಟಿಗೆ ಅತಿಯಾದ ಕೋನ ಬೀಳುತ್ತದೆ. ಅದರ ಮೇಲೆ ಕಬ್ಬಿಣದ ಬಂಪರು, ವಿಂಚಿನ ಭಾರ ಬೇರೆ. ಗಾಡಿ ಮನೆಗೆ ಬಂದಾಗ ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿಟ್ಟು ಕೆಳಗೆ ಮಲಗಿ ನೋಡಿ: ಸಿ.ವಿ. ಬೂಟಿನ ಮಡಿಕೆಯಲ್ಲಿ ಕೂದಲಿನಷ್ಟು ಸೀಳಿದ್ದರೂ ರಿಮ್ಮಿನ ಒಳಮೈಗೆ ಗ್ರೀಸ್ ಸಿಡಿದಿರುತ್ತದೆ. ಬ್ರೇಕಿನ ರಬ್ಬರ್ ಹೋಸು ಚಕ್ರ ಪೂರ್ತಿ ಕೆಳಗಿಳಿದಾಗ ಎಳೆದುಕೊಳ್ಳುತ್ತಿದೆಯೇ ಎಂಬುದನ್ನು ಜ್ಯಾಕ್ ಹಾಕಿ ನೋಡದೆ ತಿಳಿಯಲಾರದು. ಇದನ್ನೆಲ್ಲ ನಾನು ನಿಮಗೆ ಹೇಳುವುದು ಅಧಿಕಪ್ರಸಂಗವೇ. ಆದರೆ ಸಿಟ್ಟಿನಲ್ಲಿ ನೀವು ಗಾಡಿಯ ಕೆಳಗೆ ಒಮ್ಮೆಯೂ ಮಲಗಿರಲಿಕ್ಕಿಲ್ಲ ಎಂದು ನನ್ನ ಊಹೆ.

ಲಗೇಜು, ಎರಡು ಸ್ಪೇರ್ ಟಯರು, ಡೀಸೆಲ್ ಕ್ಯಾನು, ಜನ ಎಲ್ಲ ಸೇರಿಸಿ ಗಾಡಿಯನ್ನು ಒಮ್ಮೆ ವೇ ಬ್ರಿಡ್ಜಿಗೆ ಹತ್ತಿಸಿ. ಬಂದ ತೂಕವನ್ನು ಕಂಪನಿ ಹೇಳಿದ ಗರಿಷ್ಠ ತೂಕಕ್ಕೆ ಹೋಲಿಸಿ. ಕ್ಯಾರಿಯರಿನ ಮೇಲೆ ಕಟ್ಟಿದ ಒಂದೊಂದು ಕೆಜಿಯೂ ಪಕ್ಕಕ್ಕೆ ವಾಲಿದ ರಸ್ತೆಯಲ್ಲಿ ಗಾಡಿಯನ್ನು ಕಣಿವೆಯ ಕಡೆಗೇ ಜಗ್ಗುತ್ತದೆ. ಹಾಗೇ ತುಂಬಿದ ಗಾಡಿಯನ್ನು ಶಿರಾಡಿ ಘಾಟಿಯಲ್ಲಿ ಇಳಿಸಿ, ಎರಡನೇ ಗೇರಿನ ಹಿಡಿತದಲ್ಲೇ ಇಳಿಯುವುದನ್ನು ಮಗಳು ರೂಢಿ ಮಾಡಿಕೊಳ್ಳಲಿ. ಅಂದ ಹಾಗೆ, ಕಂಪನಿ ಕೊಟ್ಟ 235/70ರ ಜಾಗಕ್ಕೆ ಅವಳು ಹಾಕಿಸಿದ ಟಯರು ಸುತ್ತಳತೆಯಲ್ಲಿ ಶೇ 5ರಷ್ಟು ದೊಡ್ಡದು. ಮೀಟರು 80 ತೋರಿಸಿದರೆ ಓಟ 84ರ ಆಸುಪಾಸು.

ಮಡ್ ಟಯರಿನ ಬಗ್ಗೆ ಒಂದು ಭ್ರಮೆ ಇದೆ. ಅದರ ದಪ್ಪ ದಪ್ಪ ಹಲ್ಲು ನೋಡಿ ಐಸಿನ ಮೇಲೂ ಕಚ್ಚಿಕೊಳ್ಳುತ್ತದೆ ಅಂದುಕೊಳ್ಳುತ್ತಾರೆ. ಕೆಸರಿನಲ್ಲಿ ಸರಿ, ಅಗೆದುಕೊಂಡು ಹೋಗುತ್ತದೆ. ಗಾಜಿನಂಥ ಐಸಿನ ಮೇಲೆ ಬೇಕಾದ್ದು ಚಳಿಗೆ ಗಡಸಾಗದ ರಬ್ಬರು, ಅದರ ಮೈತುಂಬ ಸಣ್ಣ ಸಣ್ಣ ಸೀಳು. ಇವೆರಡೂ ಮಡ್ ಟಯರಿನಲ್ಲಿ ಕಡಿಮೆ. ಆದ್ದರಿಂದ ಸ್ನೋ ಚೈನ್ ಬೇಕೇ ಬೇಕು, ಅದೂ ಈಗಿರುವ ದೊಡ್ಡ ಟಯರಿನ ಅಳತೆಯದು. ಹಳೇ ಟಯರಿನ ಅಳತೆಗೆ ಕೊಂಡ ಚೈನು ಕೊಕ್ಕೆಗೆ ಸಿಕ್ಕುವುದಿಲ್ಲ. ಸಿಕ್ಕಿದರೂ ದೊಡ್ಡ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಜಾಗವಿಲ್ಲದೆ ಬ್ರೇಕ್ ಪೈಪಿಗೆ ಹೊಡೆಯುವುದುಂಟು. ನಿಮ್ಮ ಅಂಗಳದಲ್ಲೇ, ರಾತ್ರಿ ಹೊತ್ತು, ಕೈಗೆ ದಪ್ಪ ಗ್ಲೌಸ್ ಹಾಕಿಸಿ, ಟಾರ್ಚ್ ಬೆಳಕಿನಲ್ಲಿ ಅವಳಿಂದ ಚೈನ್ ತೊಡಿಸಿ. ಮಲ್ಲಿಂಗಿನಲ್ಲಿ ಮೊದಲ ಸಲ ಪೊಟ್ಟಣ ಒಡೆಯುವಂತಾಗಬಾರದು. ಫೋರ್ ವೀಲ್ ಎಂಬುದು ಗಾಡಿ ಮುಂದೆ ಸಾಗಲು ಮಾತ್ರ. ಬ್ರೇಕ್ ಒತ್ತಿದಾಗ ಅದರಿಂದ ಏನೂ ಉಪಕಾರವಿಲ್ಲ, ಎಲ್ಲ ಗಾಡಿಗೂ ಬ್ರೇಕು ನಾಲ್ಕೇ ಚಕ್ರಕ್ಕೆ.

ವಿಂಚಿನ ಮೇಲೆ ಅವಳಿಗೆ ಬಹಳ ನಂಬಿಕೆ ಇರುವ ಹಾಗಿದೆ. ಸಕಲೇಶಪುರದ ಎಸ್ಟೇಟಿನಲ್ಲಿ ಅದು ಸರಿ, ಕೈಚಾಚಿದಲ್ಲಿ ಸಿಲ್ವರ್ ಓಕ್ ಇರುತ್ತದೆ. ಸ್ಪಿತಿ ಶೀತ ಮರುಭೂಮಿ. ಊರಂಚಿನಲ್ಲಿ ನೆಟ್ಟು ಬೆಳೆಸಿದ ನಾಲ್ಕು ವಿಲ್ಲೋ, ಪಾಪ್ಲರ್ ಬಿಟ್ಟರೆ ವಿಂಚಿನ ಹಗ್ಗ ಕಟ್ಟಲು ಮರವೇ ಇಲ್ಲ. ಅಲ್ಲಿ ಆಗಿಬರುವುದು ಸಲಿಕೆ, ಚಕ್ರದಡಿ ಹಾಸುವ ಹಲಗೆ, ಎಳೆಯುವ ಬೆಲ್ಟು, ಮತ್ತೊಂದು ಗಾಡಿ. ಇವರದು ಒಂಟಿ ಗಾಡಿ ಎನ್ನುವುದು ನನಗೆ ಆ ಪ್ಲಾನ್‌ನಲ್ಲಿ ಎಲ್ಲಕ್ಕಿಂತ ಹಿಡಿಸದ ಸಂಗತಿ. ಇಬ್ಬರೇ ಹೆಣ್ಣುಮಕ್ಕಳು ಎಂಬುದಕ್ಕಿಂತ ಅದಕ್ಕೆ ಹೆಚ್ಚು ಹೆದರಬೇಕು. ಇನ್ನೊಂದು ಗಾಡಿಯವರು ಜೊತೆಯಾದರೆ ಒಳ್ಳೆಯದು, ಆಗದಿದ್ದರೆ ಬಸ್ಸಿನ ಹಿಂದೆಯೇ ಹೋಗಲಿ.

ರೇಡಿಯೇಟರ್ ಕ್ಯಾಪ್ ತೆಗೆದು ನೋಡಿದ್ದೀರಾ? ನಮ್ಮ ಕಡೆ ನೀರು ಕಡಿಮೆಯಾದಾಗೆಲ್ಲ ನಲ್ಲಿ ನೀರು ಸುರಿದು ಸುರಿದು ಕೂಲಂಟ್ ತೆಳ್ಳಗಾಗಿರುತ್ತದೆ. ಹಾಸನದಲ್ಲಿ ಅದರಿಂದ ಏನೂ ಕೆಡುವುದಿಲ್ಲ. ಕಾಜಾದಲ್ಲಿ ಮಾರ್ಚ್ ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಉಬ್ಬುತ್ತದೆ, ಎಂಜಿನ್ ಬ್ಲಾಕಿಗೆ ಆ ಉಬ್ಬನ್ನು ತಡೆಯುವ ಶಕ್ತಿಯಿಲ್ಲ. ಪೂರ್ತಿ ಖಾಲಿ ಮಾಡಿ, ತೊಳೆದು, ಅರ್ಧ ಎಥಿಲೀನ್ ಗ್ಲೈಕಾಲ್ ಕೂಲಂಟು, ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿಸಿ. ಅದು ಮೈನಸ್ 35ರ ಹತ್ತಿರದವರೆಗೆ ತಡೆಯುತ್ತದೆ. ವೈಪರಿನ ನೀರಿಗೂ ಇದೇ ಕಾಳಜಿ ಬೇಕು. ಡೀಸೆಲ್ ಇನ್ನೊಂದು ಸಮಸ್ಯೆ: ಬಯಲಿನ ಬಂಕಿನ ಡೀಸೆಲಿನಲ್ಲಿರುವ ಮೇಣ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಟ್ಯಾಂಕನ್ನು ಹೆಚ್ಚು ಕಡಿಮೆ ಖಾಲಿ ಮಾಡಿಕೊಂಡು ಹೋಗಿ ರಾಮ್‌ಪುರದಲ್ಲೋ ಪಿಯೋದಲ್ಲೋ ತುಂಬಿಸುವುದು ವಾಸಿ. ಕಾಜಾದಲ್ಲೂ ಬಂಕ್ ಇದೆ, 3,740 ಮೀಟರ್ ಎತ್ತರದಲ್ಲಿ. ಹೊರಡುವ ಮುಂಚೆ ಡೀಸೆಲ್ ಫಿಲ್ಟರಿನ ತಳದ ನೀರನ್ನು ಇಳಿಸಿಬಿಡಿ. ಸೀಮೆಎಣ್ಣೆ ಬೆರೆಸುವ ಹಳೇ ಉಪಾಯವನ್ನು ದಯವಿಟ್ಟು ಹೇಳಿಕೊಡಬೇಡಿ, ಕಾಮನ್ ರೈಲ್ ಪಂಪಿಗೆ ಅದು ವಿಷ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದರೆ ಬೆಳಿಗ್ಗೆ ಹೆಪ್ಪುಗಟ್ಟಿ ಬಿಡುವುದಿಲ್ಲ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಲಿ.

ಕಾನೂನಿನ ಮಾತನ್ನೂ ಆಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಎರಡಕ್ಕೂ ಅವಕಾಶವಿದೆ. ಮುಂದಿನ ಕಬ್ಬಿಣದ ಗಾರ್ಡುಗಳ ಮೇಲೆ 2017ರ ಕೊನೆಯಲ್ಲೇ ಕೇಂದ್ರ ಸರ್ಕಾರ ಕ್ರಮಕ್ಕೆ ಹೇಳಿತ್ತು. ಎಲ್ಲರೂ ಹಾಕಿಸಿಕೊಂಡು ಓಡಾಡುತ್ತಾರಲ್ಲ ಅಂತೀರಿ. ಓಡಾಡುತ್ತಾರೆ. ಅಪಘಾತವಾದ ದಿನ ಇನ್ಶೂರೆನ್ಸ್ ಸರ್ವೇಯರ್ ಬಂದು ಫೋಟೋ ತೆಗೆದುಕೊಂಡು ಹೋಗುವವರೆಗೆ. ನನ್ನನ್ನು ಕೇಳಿದರೆ ಬಂಪರು, ವಿಂಚು, ಮೇಲಿನ ಲೈಟು ಮೂರನ್ನೂ ಬಿಚ್ಚಿಡಿ, ಟಯರನ್ನು ಕಂಪನಿ ಅಳತೆಗೆ ಇಳಿಸಿ. ಮುಂದಿನ ಭಾರ, ಟಾರ್ಷನ್ ಬಾರು, ಚೈನಿನ ಜಾಗ, ಪೊಲೀಸು, ಇನ್ಶೂರೆನ್ಸ್, ಎಲ್ಲ ತಲೆನೋವೂ ಒಟ್ಟಿಗೆ ಹಗುರಾಗುತ್ತವೆ. ಬಿಚ್ಚಿಸಲು ಅವಳು ಒಪ್ಪಿದರೆ ನಿಮ್ಮ ಪುಣ್ಯ. ಅಷ್ಟು ದುಡ್ಡು ಕೊಟ್ಟು ಹಾಕಿಸಿದ್ದನ್ನು ಬಿಚ್ಚುವುದು ಮನಸ್ಸಿಗೆ ಕಷ್ಟ, ಒತ್ತಾಯ ಮಾಡಬೇಡಿ. ವೇ ಬ್ರಿಡ್ಜಿನ ಚೀಟಿ ಕೈಗೆ ಕೊಡಿ, ಸಾಕು.

ಇನ್ನೆರಡು ಕಿವಿಮಾತು. ವಿದೇಶದಲ್ಲಿರುವ ಯಾರಿಂದಲಾದರೂ ಸ್ಯಾಟಲೈಟ್ ಮೆಸೆಂಜರ್ ತರಿಸಿಕೊಳ್ಳುವ ಯೋಚನೆ ಇದ್ದರೆ ಬೇಡ, ಪರವಾನಗಿ ಇಲ್ಲದೆ ನಮ್ಮ ದೇಶದಲ್ಲಿ ಅದು ಅಪರಾಧ. ಹಾಗೇ ನದಿಗೆ ಗಾಡಿ ಇಳಿಸಿ ರೀಲ್ಸ್ ಮಾಡುವ ಚಪಲವೂ ಬೇಡ. 2023ರ ಡಿಸೆಂಬರಿನಲ್ಲಿ ಲಾಹೋಲಿನ ಚಂದ್ರಾ ನದಿಯಲ್ಲಿ ಥಾರ್ ಓಡಿಸಿದವರಿಗೆ ಪೊಲೀಸರು ದಂಡ ಹಾಕಿದ ಸುದ್ದಿ ದೇಶವೆಲ್ಲ ಓಡಾಡಿತ್ತು.

ಗಾಡಿಗಿಂತ ಮೊದಲು ಸೋಲುವುದು ದೇಹ. ಹಾಸನ ಇರುವುದು ಒಂದು ಸಾವಿರ ಮೀಟರಿಗೂ ಕಡಿಮೆ ಎತ್ತರದಲ್ಲಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು. ರಾಮ್‌ಪುರದಲ್ಲಿ ಒಂದು ರಾತ್ರಿ, ಪಿಯೋ ಪಕ್ಕದ, 2,960 ಮೀಟರಿನ ಕಲ್ಪಾದಲ್ಲಿ ಎರಡು, ಆಮೇಲೆ ನಾಕೊದಲ್ಲಿ ತಂಗದೆ ಅದಕ್ಕಿಂತ ತಗ್ಗಿನಲ್ಲಿರುವ ಟಾಬೊದಲ್ಲಿ ಎರಡು, ಆಮೇಲೆ ಕಾಜಾ. ಟಾಬೊದ ಮಣ್ಣಿನ ಬೌದ್ಧ ವಿಹಾರ 996ರಲ್ಲಿ ಕಟ್ಟಿದ್ದು, ಒಳಗಿನ ಗೋಡೆಚಿತ್ರ ನೋಡುತ್ತಾ ಒಂದು ದಿನ ಕಳೆಯುವುದು ಯಾವ ಲೆಕ್ಕದಲ್ಲೂ ನಷ್ಟವಲ್ಲ. ತಲೆನೋವು, ವಾಕರಿಕೆ ಬಂದರೆ ಮೇಲೆ ಹೋಗಬಾರದು. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗುವುದನ್ನು ಕಾಯದೆ ಕಾಜಾದ ಸರ್ಕಾರಿ ಆಸ್ಪತ್ರೆಗೋ ಕೆಳಗಿನ ಊರಿಗೋ ಇಳಿಯಬೇಕು. ಎತ್ತರದ ಕಾಯಿಲೆ ತಡೆಯುವ ಮಾತ್ರೆಯ ವಿಷಯ ಹೊರಡುವ ಮುಂಚೆ ವೈದ್ಯರ ಹತ್ತಿರ ಮಾತಾಡಲಿ, ಸಲ್ಫಾ ಅಲರ್ಜಿ ಇದ್ದರೆ ಹೇಳಲಿ. ಬೆಚ್ಚಗಿರಲಿ ಎಂದು ಎಂಜಿನ್ ಚಾಲೂ ಇಟ್ಟು ಗಾಡಿಯೊಳಗೆ ಮಲಗುವುದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ ಇಟ್ಟುಕೊಳ್ಳುವುದು ಎರಡೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ಉಳಿಯುವ ಮನೆಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಮಾರ್ಚ್‌ನಲ್ಲಿ ಎಷ್ಟೋ ಹೋಟೆಲುಗಳು ಮುಚ್ಚಿರುತ್ತವೆ, ಹೋಮ್‌ಸ್ಟೇಗಳಿಗೆ ಮೊದಲೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಲಿ, ಅಷ್ಟೇ. ನಡುವೆ ಗಂಟೆಗಟ್ಟಲೆ ಸಿಗ್ನಲ್ ಇರುವುದಿಲ್ಲ. ಅದಕ್ಕೆ ದಿನಕ್ಕೆ ಒಂದೇ ಮೆಸೇಜು, ಆ ದಿನ ತಂಗುವ ಊರು ಮುಟ್ಟಿದ ಮೇಲೆ, ಎಂದು ಇಬ್ಬರೂ ಒಪ್ಪಿಕೊಳ್ಳಿ. ಹಗಲೆಲ್ಲ ಫೋನ್ ಮಾಡಿ ಎಲ್ಲಿದ್ದೀ ಎಂದು ಕೇಳಿದರೆ ಅವಳು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿಯಬೇಕಾಗುತ್ತದೆ.

ಮಾತು ಹೇಗೆ ಶುರು ಮಾಡಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕ್ಷಮೆ ಕೇಳುವುದಾದರೆ ಒಂದು ಸಾಲಿನಲ್ಲಿ ಕೇಳಿ ಮುಗಿಸಿ: "ಮದುವೆ ಮಾತು ತೆಗೀಬಾರದಿತ್ತು ಮಗಳೇ." ಅದರ ಬೆನ್ನಿಗೇ "ಆದರೆ" ಅನ್ನಬೇಡಿ. ಮಾರನೇ ದಿನ ಬೇರೆ ಫೋನು: "ಕುಂಜುಮ್ ಮಾರ್ಚ್‌ನಲ್ಲಿ ಮುಚ್ಚಿರುತ್ತಂತೆ, ನೋಡಿದ್ಯಾ? ಈ ಭಾನುವಾರ ಗಾಡಿ ತಗೊಂಡು ಬಾ, ಕೆಳಗೆಲ್ಲ ಒಂದ್ಸಲ ನೋಡಿಬಿಡ್ತೀನಿ." ಪೂರ್ತಿ ಸುತ್ತು ಹೊಡೆಯುವುದೇ ಅವಳಿಗೆ ಮುಖ್ಯವಾದರೆ ಸೆಪ್ಟೆಂಬರಿಗೆ ಮುಂದೂಡುವುದು ಜಾಣತನ. ಹಿಮವೇ ಮುಖ್ಯವಾದರೆ ಮಾರ್ಚ್ ಸರಿ, ಹೋದ ದಾರಿಯಲ್ಲೇ ಬರಲಿ. ಯಾವುದು ಬೇಕು ಅಂತ ಅವಳೇ ಆರಿಸಿಕೊಳ್ಳಲಿ.

ನೀವು ಜೊತೆಗೆ ಹೋಗುವ ಮಾತಿಗೆ ನನ್ನ ಉತ್ತರ, ಬೇಡ. ಸ್ಟೆಂಟ್ ಹಾಕಿ ವರ್ಷವಾಗಿದೆ, ಬಿಪಿ, ಶುಗರ್ ಇದೆ. ಕಾಜಾದ ಎತ್ತರಕ್ಕೆ ಹೃದ್ರೋಗ ತಜ್ಞರು ಪರೀಕ್ಷಿಸಿ ಒಪ್ಪದೆ ಕಾಲಿಡಬಾರದು. ಒಪ್ಪಿದರೂ ಆ ಥಾರ್‌ನಲ್ಲಿ ನಿಮಗೆ ಸಿಗುವುದು ಹಿಂದಿನ ಅಡ್ಡ ಬೆಂಚು, ಅದರ ಮೇಲೂ ಅರ್ಧ ಲಗೇಜು. ಅವಳೇ ಕರೆದು, ವೈದ್ಯರೂ ಹೂಂ ಎಂದರೆ ಶಿಮ್ಲಾದವರೆಗೆ ರೈಲಿನಲ್ಲಿ ಹೋಗಿ. ಕಾಲ್ಕಾದಿಂದ ಪುಟಾಣಿ ರೈಲಿದೆ, ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಶಿಮ್ಲಾ ಎರಡು ಸಾವಿರದ ಇನ್ನೂರು ಮೀಟರ್ ಇದೆ, ಅದಕ್ಕೂ ವೈದ್ಯರನ್ನು ಕೇಳಿಯೇ ಟಿಕೆಟ್ ಮಾಡಿಸಿ.